ಗಂಟಿನಾಗ ಏನಿತ್ರಿ ಮಾಸ್ತರ?

ನಾಟಕ ಬರೆಯೂದ್ರಾಗ ಸುಖಾ ಇಲ್ಲ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಸುಖಾ ಭಾಳ ಐತಿ. ಬರದಾಂವಗ ಅಲ್ಲ, ಅವನ ಫಜೀತಿ ನೋಡಾವ್ರಿಗೆ. ನನಗ ಇಂಥಾ ಫಜೀತಿ ಎಷ್ಟ ಆಗ್ಯಾವ ಅಂದ್ರ, ಒಂದ ವರ್ಷ ಏನೂ ಆಗದೇ ಸುಮ್ಮನ ಹೋದ್ರ ಬೆಳಗಾವಿ ರಾಮತೀರ್ಥ ನಗರದ ನಮ್ಮ ಬಾಜು ಮನಿಯವ್ರು ಬಂದು, ಮಾಸ್ತರ್ರ ಆರಾಮ ಅದೀರಿಲ್ರಿ ಅಂತ ವಿಚಾರಸ್ತಾರ.

ನಾ ಸಾಲಿ ಮಾಸ್ತರ ಅಲ್ಲ. ನಾಟಕದ ಮಾಸ್ತರ. ಹೊಟ್ಟಿಪಾಡಿಗೆ ಮಾಡಿದ್ದು ಮನಿ ಮನಿಗೆ ಹೋಗಿ ಕರೆಂಟಿನ ಮೀಟರ್ ಓದೂ ನೌಕರಿ. ಖಾನಾಪುರ ತಾಲೂಕಿನ ಹಳ್ಳಿ ಹಳ್ಳಿ ತಿರಗಿದ್ದಕ್ಕ ಯಾವ ಊರಾಗ ಯಾರ ದನಿ ದೊಡ್ಡದು, ಯಾರ ಮೀಸಿ ಚೊಲೊ ಐತಿ, ಯಾರು ಬೇಕಾದಾಗ ಅಳ್ತಾರ ಅಂತ ನನಗ ಬಾಯಿಪಾಠ ಇತ್ತು. ಅವ್ರನ್ನ ಕೂಡಿಸಿ ತಾಲೀಮು ಮಾಡಿಸಿ ನಾಟಕ ಆಡಸ್ತಿದ್ದೆ. ಬರಿಯಾಂವ ನಾನು, ಕಲಸಾಂವ ನಾನು, ಆಟದ ದಿವಸ ಪರದೆ ಹಿಂದ ನಿಂತು ಮರತ ಮಾತು ಒದರಾಂವನೂ ನಾನು.

ಬರದ ನಾಟಕ ಇಪ್ಪತ್ತೆರಡು. ಅದರಾಗ ನನ್ನ ಜೀವಾ ತಿಂದದ್ದು ಒಂದು. "ಸೆರಗಿನ ಗಂಟು ಅರ್ಥಾತ್ ಅತ್ತಿಗೆಯ ಗುಟ್ಟು." ನಮ್ಮ ಕಡೆ ಅರ್ಥಾತ್ ಇಲ್ಲದ ನಾಟಕಕ್ಕ ಮಂದಿ ಚಾಪಿ ತೊಗೊಂಡು ಬರಂಗಿಲ್ಲ. ಕತಿ ಇಷ್ಟ. ಹಿರಿ ಅಣ್ಣ ತೀರಕೊಂಡಾನ. ಅವನ ಹೆಂಡ್ತಿ, ಅಂದ್ರ ಅತ್ತಿಗಿ, ಸೆರಗಿನ ತುದಿಗೆ ಏನೋ ಒಂದು ಕಟಗೊಂಡು ಅಡ್ಡಾಡತಾಳ. ಅದರಾಗ ಏನೈತಿ ಅಂತ ಮೈದುನರಿಬ್ಬರೂ ನಾಕು ಅಂಕ ಬಡದಾಡ್ತಾರ. ಪ್ರತಿ ಅಂಕದ ಕೊನಿಗೆ ಆಕಿ ಗಂಟು ಮುಟಗಿಯೊಳಗ ಹಿಡಕೊಂಡು, "ಇದನ್ನ ಬಿಚ್ಚೂ ದಿವಸ ಇನ್ನೂ ಬಂದಿಲ್ಲ" ಅಂತಾಳ. ಐದನೇ ಅಂಕದಾಗ ಬಿಚ್ಚತಾಳ.

ನನಗ ಒಂದ ಆಸೆ ಇತ್ತು. ತುಂಬಿದ ಮಂದಿ ಮುಂದ ಆ ಗಂಟು ಬಿಚ್ಚೂದನ್ನ ಒಮ್ಮೆ ಕಣ್ಣಾರೆ ನೋಡಬೇಕು. ಅದಕ್ಕಂತ ಒಂದು ಕಟ್ಟಾನಿಟ್ಟಾದ ಪದ್ಧತಿ ಇಟಗೊಂಡಿದ್ದೆ. ಗಂಟಿನಾಗ ಏನೈತಿ ಅಂತ ಮೈದುನರ ಪಾತ್ರದವ್ರಿಗೂ ಹೇಳತಿದ್ದಿಲ್ಲ. ಅವರ ಮಾರಿ ಮ್ಯಾಲಿನ ಆಶ್ಚರ್ಯ ಖರೇ ಇರಬೇಕು ಅಂತ ನನ್ನ ಹಟ. ಅತ್ತಿಗಿ ಪಾತ್ರಕ್ಕ ಹೊರಗಿನ ಊರಿಂದ ಒಬ್ಬ ಹಳೇ ಕಲಾವಿದೆಯನ್ನ ಕರಸ್ತಿದ್ದೆ. ಎಲ್ಲಾರೂ ಅವ್ರಿಗೆ ಅಕ್ಕಾರ ಅಂತಿದ್ರು. ಅವ್ರಿಗೆ ಒಬ್ಬರಿಗೇ ಗುಟ್ಟು ಹೇಳಿ, ಹಾರ್ಮೋನಿಯಂ ಮ್ಯಾಲೆ ಕೈ ಇಡಿಸಿ ಆಣಿ ಮಾಡಿಸಿದ್ದೆ. ಯಾರರೆ ಕೇಳಿದ್ರ ನನ್ನ ಬಾಯಾಗ ಒಂದ ಉತ್ತರ: "ಕೊನೇ ಅಂಕಕ್ಕ ಬಂದು ನೋಡ್ರಿ."

ಹದಿನಾರು ವರ್ಷ ಆತು. ಒಬ್ಬ ಮನಷ್ಯಾ ನೋಡಲಿಲ್ಲ.

ಹಾಲಿನ ಹೊತ್ತು

ಮೊದಲನೇ ಆಟ ಪಾರಿಶ್ವಾಡದಾಗ. ನಮ್ಮ ಹಳ್ಳಿ ನಾಟಕ ಅಂದ್ರ ರಾತ್ರಿ ಶುರು ಆಗಿ ಬೆಳಗಿನ ತನಕಾ ನಡೀತೈತಿ. ಅದರಾಗ ನಡು ನಡು ಆಹೇರಿ. ಆಹೇರಿ ಅಂದ್ರ, ನಮ್ಮ ಬೀಗರು ಚೊಲೊ ಪಾರ್ಟ ಮಾಡ್ಯಾರ ಅಂತ ಮಂದಿ ಸ್ಟೇಜ್ ಹತ್ತಿ ಟಾವೆಲ್ಲು, ತೆಂಗಿನಕಾಯಿ ಕೊಡೂದು, ಅದನ್ನ ಮೈಕಿನಾಗ ಹೇಳೂದು. ಆವತ್ತ ಒಬ್ಬರು ಹೀರೋಗ, ಅಂದ್ರ ನಡಕಿನ ಮೈದುನಗ, ರುಮಾಲ ಸುತ್ತಿದ್ರು. ಅದಕ್ಕ ಸಿಟ್ಟಾಗಿ ಎದುರಿನ ಓಣಿಯವ್ರು ಎಲ್ಲಾ ಪಾತ್ರದವ್ರಿಗೂ ಸುತ್ತಿದ್ರು. ಮತ್ತೊಂದು ಓಣಿಯವ್ರು ಕಡಿಮಿ ಆಗಬಾರದಂತ ಹಾರ್ಮೋನಿಯಂಗೂ ಒಂದು ಸುತ್ತಿದ್ರು. ಹಿಂಗಾಗಿ ಐದನೇ ಅಂಕ ಶುರು ಆಗೂದ್ರಾಗ ಕೋಳಿ ಕೂಗಿದ್ವು.

ಸಣ್ಣ ಮೈದುನ, ಅಂದ್ರ ನಾಟಕದ ಖಳನಾಯಕ, ಊರಿನ ಹಾಲಿನ ಡೇರಿ ಸೆಕ್ರೆಟರಿ. ಮೀಸಿ ನೋಡಿ ಆರಿಸಿದ್ದೆ. ಅಂವ ಅತ್ತಿಗಿ ಸೆರಗಿಗೆ ಕೈ ಹಾಕಿ, "ಬಿಚ್ಚು ಆ ಗಂಟ" ಅಂತ ಗುಡಗಿದ. ಅಷ್ಟರಾಗ ದೂರ ಎಲ್ಲೋ ಹಾಲಿನ ಕ್ಯಾನಿನ ಸಪ್ಪಳ ಆತು. ಕೈಯಾನ ಗಡಿಯಾರ ನೋಡಿಕೊಂಡ. ನಾಟಕದ ದನಿಯೊಳಗೇ, "ಅತ್ತಿಗಿ, ಗಂಟು ಆಮ್ಯಾಲೆ ನೋಡೂಣು, ಹಾಲಿನ ಗಾಡಿ ಬರೂ ಹೊತ್ತಾತು" ಅಂದವನೇ ಸ್ಟೇಜಿನ ಮ್ಯಾಲಿಂದ ಜಿಗದು ಓಡಿದ. ಸೆಕ್ರೆಟರಿ ಹೋದಮ್ಯಾಲೆ ಉಳದವ್ರು ಕುಂತು ಏನ ಮಾಡ್ತಾರ? ಎಲ್ಲಾರ ಮನ್ಯಾಗೂ ಎಮ್ಮಿ ಅದಾವ. ಚಾಪಿ ಸುತಗೊಂಡು ಎದ್ರು. ಒಂದ ಗಳಿಗ್ಯಾಗ ಬೈಲು ಖಾಲಿ.

ಉಳದದ್ದು ನನ್ನ ಹೆಂಡ್ತಿ ಮತ್ತ ಒಂದು ಆಡು. ಆಡು ನಾಟಕದ ಬೋರ್ಡಿನ ಕಾಗದಾ ತಿನಕೋತ ಅರ್ಥಾತ್ ತನಕಾ ಬಂದಿತ್ತು.

ಅಕ್ಕಾರು ಸ್ಟೇಜಿನ ಮ್ಯಾಲೆ ಗಂಟು ಹಿಡಕೊಂಡು, ಬಿಚ್ಚಲೇನ್ರಿ ಮಾಸ್ತರ್ರ ಅಂತ ಕೇಳಿದ್ರು. ಬಿಚ್ಚರಿ ಅಕ್ಕಾರ, ನಾ ಅದೀನಲ್ಲ ಅಂದ್ಳು ನನ್ನ ಹೆಂಡ್ತಿ. ನನಗ ಎಲ್ಲಿಲ್ಲದ ಸ್ವಾಭಿಮಾನ ಬಂತು. ಮೂರು ಮಳಿಗಾಲ ಕುಂತು ಬರದದ್ದು ಒಂದು ಆಡಿನ ಮುಂದ ಬಿಚ್ಚಸಾಕೇನು? ಪ್ರೇಕ್ಷಕರಿಲ್ಲದ ಬಿಚ್ಚೂದು ಬ್ಯಾಡ ಅಂದೆ.

"ನಾ ಪ್ರೇಕ್ಷಕಳಲ್ಲೇನು?" ಅಂದ್ಳು.

"ನೀ ಹೆಂಡ್ತಿ" ಅಂದೆ.

ಆ ಒಂದು ಮಾತಿಗೆ ಎರಡು ದಿವಸ ನನಗ ಚಹಾದಾಗ ಸಕ್ರಿ ಸಿಗಲಿಲ್ಲ. ಮೂರನೇ ದಿವಸ ಆಕಿ ಸಮಾಧಾನದಿಂದ, ಹೋಗಲಿ, ಗಂಟಿನಾಗ ಏನಿತ್ತು ಅಷ್ಟರೆ ಹೇಳ್ರಿ ಅಂತ ಕೇಳಿದ್ಳು. ನಾ ಅಭ್ಯಾಸ ಬಲದ ಮ್ಯಾಲೆ, ಕೊನೇ ಅಂಕಕ್ಕ ಬಂದು ನೋಡು ಅಂದುಬಿಟ್ಟೆ. ಮತ್ತ ಹದಿನಾರು ವರ್ಷ ಆಕಿ ಆ ಮಾತು ಎತ್ತಲಿಲ್ಲ. ಆದ್ರ ಒಂದು ಆಟಾನೂ ತಪ್ಪಸಲಿಲ್ಲ.

ಅತ್ತ ಡೇರ್‍ಯಾಗ ಸೆಕ್ರೆಟರಿ ಬಣ್ಣ ತೊಳಕೊಳ್ಳಾಕ ಹೊತ್ತಿಲ್ಲದ, ಖಳನಾಯಕನ ಮಾರೀಲೇ ಕುಂತು ಹಾಲು ತೊಗೊಂಡನಂತ. ಹಾಲಿಗೆ ನೀರು ಬೆರಸಿದ್ದ ಒಬ್ಬಾಂವ ಎದುರಿಗೆ ಆ ಕೆಂಪು ಕಣ್ಣು, ಆ ಹುಬ್ಬು ನೋಡಿ ಕೇಳೂ ಮೊದಲೇ ತಪ್ಪು ಒಪಗೊಂಡನಂತ.

ಮೀಟರಿನ ಮುಂದ ಅಜ್ಜಿ

ನಾಕು ಅಂಕ ನೋಡಿ ಐದನೇದು ನೋಡದವ್ರು ಎಷ್ಟ ತ್ರಾಸ ಕೊಡ್ತಾರ ಅಂತ ನನಗ ಮೊದಲ ಗೊತ್ತಿದ್ದಿಲ್ಲ. ಬಸ್ ಸ್ಟ್ಯಾಂಡಿನಾಗ, ಕಟಿಂಗ್ ಅಂಗಡ್ಯಾಗ, ಮದಿವಿ ಊಟದ ಪಂಕ್ತ್ಯಾಗ, ಎಲ್ಲೆ ಹೋದ್ರೂ ಒಂದ ಪ್ರಶ್ನೆ. ಗಂಟಿನಾಗ ಏನಿತ್ರಿ ಮಾಸ್ತರ? ನಾ ಮೀಸಿ ಮ್ಯಾಲೆ ಕೈ ಆಡಿಸಿ, ಬಂದು ನೋಡ್ರಿ ಅಂತಿದ್ದೆ. ಸುಳ್ಳ ಯಾಕ ಹೇಳ್ಲಿ, ಒಳಗೊಳಗ ಭಾಳ ಖುಷಿ ಆಗ್ತಿತ್ತು.

ಖಾನಾಪುರದ ಒಂದು ಓಣ್ಯಾಗ ಒಬ್ಬಾಕಿ ಅಜ್ಜಿ ಇದ್ಳು. ಪಾರಿಶ್ವಾಡಕ್ಕ ಮಗಳ ಮನಿಗೆ ಹೋದಾಗ ನಾಟಕ ನೋಡಿದ್ಳು. ನಾ ಮೀಟರ್ ಓದಾಕ ಹೋದ್ರ, ಮೀಟರಿಗೆ ಬೆನ್ನು ಹಚ್ಚಿ ನಿಂತ್ಳು. ಗಂಟಿನಾಗ ಏನಿತ್ತು ಹೇಳು, ಆಮ್ಯಾಲೆ ಓದು ಅಂದ್ಳು. ನಾ ಹೇಳಲಿಲ್ಲ. ಆಕಿ ಸರೀಲಿಲ್ಲ. ಬಾಗಲಾ ಹಾಕಿತ್ತು ಅಂತ ಬರಕೊಂಡು ಹೋದೆ. ಮುಂದಿನ ತಿಂಗಳೂ ಹಂಗ. ಮೂರನೇ ತಿಂಗಳಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಮತ್ತ ಮೀಟರಿಗೆ ಬೆನ್ನು ಹಚ್ಚಿದ್ಳು.

ಕಡೀಕ ನಾನೇ ಸೋತು, ನಿನಗೇನ ಅನಸ್ತೈತಿ ಅಜ್ಜಿ ಅಂತ ಕೇಳಿದೆ.

"ಅನಸೂದೇನು? ನನ್ನ ಸೆರಗಿನಾಗ ತಪಕೀರ ಡಬ್ಬಿ ಐತಿ. ಅಕಿನೂ ಹೆಣ್ಣಮಗಳು. ಅಂಥಾದ್ದ ಏನರೆ ಇರ್ತೈತಿ" ಅಂದ್ಳು.

ನನಗ ನಗಿ ತಡಿಯಾಕ ಆಗಲಿಲ್ಲ. ಮೂಗಿಗೆ ಏರಿಸೂ ತಪಕೀರಿಗೆ ಯಾರರೆ ಐದು ಅಂಕದ ನಾಟಕ ಬರೀತಾರೇನು, ನಿನಗ ಸಾಹಿತ್ಯ ತಿಳ್ಯಾಂಗಿಲ್ಲ ಅಜ್ಜಿ ಅಂದೆ. ಆಕಿಗೆ ಸಿಟ್ಟು ಬಂತು. ನಾಕನೇ ತಿಂಗಳು ಚಹಾನೂ ಬಂದ ಆತು.

ಅದಕ್ಕಿಂತ ಮಜಾ ಅಂದ್ರ ನನ್ನ ಹರ್ನಿಯಾ ಆಪರೇಷನ್ನು. ಬೆಳಗಾವಿ ದವಾಖಾನ್ಯಾಗ ಮೇಜಿನ ಮ್ಯಾಲೆ ಅಂಗಾತ ಮಲಗೀನಿ. ಅರವಳಿಕಿ ಕೊಡೂ ಡಾಕ್ಟರ್ರು ಸೂಜಿ ಚುಚ್ಚಿ, ಅಂಕಿ ಎಣಸ್ರಿ ಅಂದ್ರು. ಒಂದು, ಎರಡು ಅಂದೆ. ಅವ್ರು ನನ್ನ ಕಿವಿ ಹಂತ್ಯಾಕ ಬಗ್ಗಿ, ನಮ್ಮ ಮಾವನ ಊರು ಪಾರಿಶ್ವಾಡರಿ, ಗಂಟಿನಾಗ ಏನಿತ್ರಿ ಅಂದ್ರು. ಮುಂದಿಂದು ನೆಪ್ಪಿಲ್ಲ.

ಎಚ್ಚರ ಆದಾಗ ಬಾಜು ಸ್ಟೂಲಿನ ಮ್ಯಾಲೆ ಹೆಂಡ್ತಿ ಕುಂತಿದ್ಳು. ಅಮಲಿನಾಗ ಮನಷ್ಯಾ ಏನೇನೋ ಒದರತಾನ ಅಂತ ಡಾಕ್ಟರು, ನರ್ಸು ಎಲ್ಲಾರೂ ನನ್ನ ಮಂಚದ ಸುತ್ತಲೂ ಕಿವಿ ಕೊಟ್ಟು ನಿಂತಿದ್ರಂತ. ನಾ ಗಾಬರಿ ಆಗಿ, ಏನ ಹೇಳಿದೆ ಅಂತ ಕೇಳಿದೆ.

"ಕೊನೇ ಅಂಕಕ್ಕ ಬಂದು ನೋಡ್ರಿ ಅಂದ್ರಿ. ದೊಡ್ಡ ಡಾಕ್ಟರ್ರು, ಇರಲಿ, ಹೊಲಿಗಿ ಬಿಚ್ಚಸಾಕ ನನ್ನ ಹಂತ್ಯಾಕನ ಬರಬೇಕಲ್ಲ, ಅವಾಗ ನೋಡ್ಕೋತೀನಿ ಅಂದು ಹೋದ್ರು."

ಶಹಾಪುರದ ಸೀರಿ

ಹಳ್ಳಿ ಸಹವಾಸ ಬ್ಯಾಡ, ಎಮ್ಮಿ ಇಲ್ಲದ ಕಡೆ ಆಡೂಣು ಅಂತ ಒಮ್ಮೆ ಬೆಳಗಾವಿ ಶಹಾಪುರದಾಗ ಆಟ ಇಟ್ಟೆ. ನೇಕಾರರ ಓಣಿ. ಸಂಜಿ ಮುಂದ ಶುರು, ಊಟದ ಹೊತ್ತಿಗೆ ಮುಗಿಬೇಕು, ಆಹೇರಿ ಇಲ್ಲ. ಎಲ್ಲಾ ಕಟ್ಟು ಮಾಡಿದ್ದೆ. ಅತ್ತಿಗಿ ಉಡಾಕ ಅಲ್ಲಿನ ಒಬ್ಬ ನೇಕಾರ ಕಾಕಾ ತನ್ನ ಕೈಯಾರೆ ನೇದ ಸೀರಿ ಕೊಟ್ಟ. ಕೊಟ್ಟು ಸುಮ್ಮನ ಮನಿಗೆ ಹೋಗಿದ್ರ ಆಗತಿತ್ತು. ಮೊದಲನೇ ಸಾಲಿನಾಗ ಬಂದು ಕುಂತ.

ಮೈದುನರು ಸೆರಗಿಗೆ ಕೈ ಹಾಕಿದಾಗೊಮ್ಮೆ ಕಾಕಾ ಅರ್ಧಾ ಎದ್ದು, ಹಗೂರ, ತಮ್ಮಾ ಹಗೂರ ಅಂತಿದ್ದ. ಐದನೇ ಅಂಕದಾಗ ಇಬ್ಬರೂ ಕೂಡಿ ಎಳೀಬೇಕು. ಎಳದ್ರು. ಕಾಕಾಗ ತಡಕೊಳ್ಳಾಕ ಆಗಲಿಲ್ಲ. ಚಪ್ಪಲಿ ಕೆಳಗ ಬಿಟ್ಟು ಸ್ಟೇಜ್ ಹತ್ತಿ, ಮೈದುನರ ಕೈ ಬಿಡಿಸಿ, ಸೆರಗು ಬೆಳಕಿಗೆ ಹಿಡದು ನೂಲು ನೋಡಾಕ ಹತ್ತಿದ. ಅದನ್ನ ನೋಡಿ ಇನ್ನೊಬ್ಬ ನೇಕಾರ ಹತ್ತಿ, ಇದೇನ ಕೈಮಗ್ಗದ್ದಲ್ಲ ಬಿಡು, ಪವರ್ ಲೂಮಿಂದು ಅಂದ. ಅಂದದ್ದ ತಡ, ಓಣಿ ಎರಡು ಪಾರ್ಟಿ ಆತು. ಕೈಮಗ್ಗದವ್ರು ಎಡಕ್ಕ, ಪವರ್ ಲೂಮಿನವ್ರು ಬಲಕ್ಕ. ಹತ್ತು ಹನ್ನೆರಡು ಮಂದಿ ಸೆರಗು ಹಿಡಕೊಂಡು ಅಂಚು ತಿರುವಿ ತಿರುವಿ ವಾದಾ ಮಾಡಾಕ ನಿಂತ್ರು. ಅಕ್ಕಾರು ನಡುವ ಬೊಂಬಿ ಹಂಗ ನಿಂತಿದ್ರು. ಇದೂ ನಾಟಕದಾಗ ಐತಿ ಅಂತ ತಿಳದು ಮಂದಿ ಚಪ್ಪಾಳಿ ಹೊಡದ್ರು.

ಆವಾಗ ಆದದ್ದು ಕೇಳ್ರಿ. ನೇಕಾರ ಕಾಕಾ, ಯಾರೋ ಶಾಣ್ಯಾರು ಹೊಸಾ ಸೀರಿಗೆ ಗಂಟ ಹಾಕ್ಯಾರ ನೋಡ್ರಿ, ನೂಲು ಹಾಳಾಗತೈತಿ ಅಂತ ಬೈಕೋತ, ಪಟಕ್ಕನ ಗಂಟು ಬಿಚ್ಚಿಬಿಟ್ಟ. ಒಳಗಿದ್ದದ್ದನ್ನ ನೋಡದೇ ಅಕ್ಕಾರ ಕೈಯಾಗ ಇಟ್ಟು, ತುದಿ ತಿಕ್ಕಿ ತಿಕ್ಕಿ ಸಾಪ ಮಾಡಾಕ ಹತ್ತಿದ. ಅಕ್ಕಾರು ಮುಟಗಿ ಮುಚ್ಚಿದ್ರು. ನನ್ನ ಬಾಳೇವದ ಗಂಟು ತುಂಬಿದ ಸಭಾದಾಗ ಬಿಚ್ಚೇತಿ, ಎಲ್ಲಾರೂ ಅಂಚು ನೋಡಾಕ ಹತ್ಯಾರ.

ಹೆಂಡ್ತಿಯರೆ ನೋಡಿದಳೇನೋ ಅಂತ ಪರದೆ ಸಂದ್ಯಾಗಿಂದ ಹಣಕಿ ಹಾಕಿದೆ. ಎರಡನೇ ಸಾಲಿನಾಗ ಕುಂತಾಕಿ ಕೊಳ್ಳು ಉದ್ದ ಮಾಡಿ ಸೀರಿ ನೋಡಾಕ ಹತ್ತಿದ್ಳು. ಆ ವಾದದಾಗ ಆಟ ಅಲ್ಲಿಗೇ ನಿಂತಿತು. ಮನಿಗೆ ಹೋಗೂ ಮುಂದ, ಏನರೆ ಕಾಣಿಸ್ತೇನು ಅಂತ ಕೇಳಿದೆ.

"ಕಾಣಿಸ್ತು. ಕೈಮಗ್ಗದ್ದ ಅದು. ನನಗೂ ಒಂದು ತೊಗೋರಿ" ಅಂದ್ಳು.

ಎರಡು ಭಾಷಾದಾಗ ಒಂದು ನಾಟಕ

ಮೂರನೇದು ಖಾನಾಪುರದಾಗ, ಒಂದು ಕಲ್ಯಾಣ ಮಂಟಪದಾಗ. ಅಲ್ಲೆ ಅರ್ಧಾ ಮಂದಿ ಮನ್ಯಾಗ ಮರಾಠಿ ಆಡಾವ್ರು. ನಾಟಕ ಎಲ್ಲಾರಿಗೂ ತಿಳೀಬೇಕು ಅಂತ ಊರಿನ ಹಿರ್‍ಯಾರು ಒಬ್ಬ ಟೇಲರನ ಹುಡಕಿ ತಂದ್ರು. ಎರಡೂ ಭಾಷಾದ ಮಂದಿ ಅಳತಿ ತೊಗೊಂಡಾಂವ, ಎರಡೂ ಬರ್ತಾವ ಅಂದ್ರು. ಅಂವ ಕೊಳ್ಳಾಗ ಟೇಪ್ ಹಾಕ್ಕೊಂಡು ಸ್ಟೇಜಿನ ಮೂಲ್ಯಾಗ ನಿಂತು, ಪ್ರತಿ ಮಾತು ಮುಗದಕೂಡ್ಲೆ ಮರಾಠ್ಯಾಗ ಹೇಳಬೇಕು ಅಂತ ಠರಾವ ಆತು.

ಹೀರೋ ಒಂದು ಮಾತು ಅಂದ್ರ ಟೇಲರ ಐದು ಅಂತಿದ್ದ. ಹೀರೋ ಅತ್ತರ ಟೇಲರನೂ ಅಳತಿದ್ದ, ಹೀರೋನಕಿಂತ ಚೊಲೊ. ಮರಾಠಿ ಮಂದಿ ಬಿದ್ದು ಬಿದ್ದು ನಗತಿದ್ರು. ನಾ ಬರದದ್ರಾಗ ನಗಿ ಬರೂ ಮಾತು ಒಂದೂ ಇದ್ದಿಲ್ಲ. ಆಮ್ಯಾಮ್ಯಾಲೆ ಕನ್ನಡದ ಮಂದಿಯೂ, ಹೀರೋ ಸುಮ್ಮನಿರಲಿ, ಟೇಲರ ಹೇಳಲಿ ಅನ್ನಾಕ ಹತ್ತಿದ್ರು. ನಾಟಕ ಎರಡು ಪಟ್ಟು ಉದ್ದ ಆಗಿ, ನಾಕನೇ ಅಂಕ ಮುಗಿಯೂದ್ರಾಗ ಬಾಗಲದಾಗ ಬ್ಯಾಂಡ್ ಬಾಜಾ ಕೇಳಿಸ್ತು. ಅದ ಮಂಟಪದಾಗ ಮುಂಜಾನೆ ಮದಿವಿ ಇತ್ತು. ಬೀಗರು ಬಂದ ಇಳದಿದ್ರು. ನಮ್ಮ ಪರದೆ ಬಿಚ್ಚಿ ಅಕ್ಷತಾ ಮಂಟಪ ಕಟ್ಟಿದ್ರು. ಐದನೇ ಅಂಕ ಅಲ್ಲೂ ಹೋತು.

ಒಂದು ತಿಂಗಳಿಗೆ ಪ್ಯಾಂಟು ಹೊಲಸಾಕಂತ ಆ ಟೇಲರನ ಅಂಗಡಿಗೆ ಹೋದೆ. ನಾಟಕ ಭಾಳ ಮನಸಿಗೆ ಹತ್ತಿತ್ರಿ, ಕೊನಿಗೆ ಗಂಟು ಬಿಚ್ಚಿದಾಗ ಹೆಣ್ಣಮಕ್ಕಳೆಲ್ಲಾ ಅತ್ತರು ಅಂದ. ಯಾರು ಬಿಚ್ಚಿದ್ರೋ ಅಂತ ನಾ ಹೌಹಾರಿದೆ.

"ನಾನೇರಿ. ನೀವು ಹೇಳಲಿಲ್ಲ, ಹೊರಗ ಬಂದ ಮಂದಿ ನನ್ನ ಬಿಡಲಿಲ್ಲ. ಏನ ಮಾಡ್ಲಿ? ತೀರಕೊಂಡ ಗಂಡನ ಅಂಗಿ ಗುಂಡಿ ನಾಕು ಇದ್ವು, ಹಚ್ಚಬೇಕಂತ ತಗದಿಟ್ಟಿದ್ಳು, ಹಚ್ಚೂದ್ರಾಗ ಅಂವ ಹೋದ ಅಂದೆ."

ಕೇಳಿ ನನ್ನ ಕಣ್ಣಾಗೂ ನೀರ ಬಂದ್ವು. ಹಾಳಾಗಲಿ, ನಾ ಬರದದ್ದಕಿಂತ ಅದ ಚೊಲೊ ಇತ್ತು. ಮೂರು ಮಳಿಗಾಲ ನನಗ ಹೊಳೀದೇ ಇದ್ದದ್ದು ಇವಂಗ ಮದಿವಿ ಮಂಟಪದ ಬಾಗಲದಾಗ ನಿಂತು ಹೊಳೀತು. ಹೊಟ್ಟಿಕಿಚ್ಚಿಗೆ, ಅಂವ ಸೊಂಟದ ಅಳತಿ ತೊಗೊಳ್ಳೂ ಮುಂದ ಹೊಟ್ಟಿ ಉಬ್ಬಿಸಿ ನಿಂತೆ. ಆ ಪ್ಯಾಂಟು ಇವತ್ತಿಗೂ ನಿಂದರಂಗಿಲ್ಲ.

ಬಾಗಲಿಗೆ ಕೀಲಿ

ಮೊನ್ನೆ ನಾ ರಿಟೈರ್ ಆದೆ. ಪಾರಿಶ್ವಾಡದವ್ರು ಸುದ್ದಿ ಕೇಳಿ ಮನಿಗೆ ಬಂದ್ರು. ಹದಿನಾರು ವರ್ಷದಿಂದ ನಮಗೂ ಮನಸ್ಸಿಗೆ ಹತ್ತೇತಿ, ಈ ಸಲ ಮುಗಿಸೇ ಬಿಡೂಣು ಅಂದ್ರು. ಊರಾಗ ಠರಾವ ಮಾಡಿದ್ರು. ಆಟ ರವಿವಾರ ಮಧ್ಯಾಹ್ನ, ಊರಿನ ಸಮುದಾಯ ಭವನದಾಗ. ಆಹೇರಿ ಎಲ್ಲಾ ಆಟ ಮುಗದ ಮ್ಯಾಲೆ. ಎಮ್ಮಿ ಅವತ್ತ ಹೊತ್ತಿಗಿಂತ ಮೊದಲ ಹಿಂಡೂದು. ಐದನೇ ಅಂಕ ಶುರು ಆದಕೂಡ್ಲೆ ಭವನದ ಬಾಗಲಿಗೆ ಕೀಲಿ ಹಾಕೂದು, ಯಾರೂ ಹೊರಗ ಹೋಗೂ ಹಂಗಿಲ್ಲ. ಕೀಲಿ ಹಾಕಿ ಚಾವಿ ಕೊಳ್ಳಾಗ ಹಾಕ್ಕೊಂಡಾಂವ ಆ ಡೇರಿ ಸೆಕ್ರೆಟರಿನೇ. ಈಗೂ ಅವನೇ ಸಣ್ಣ ಮೈದುನ. ಮೊದಲ ಮೀಸಿಗೆ ಕಾಡಿಗಿ ಹಚ್ಚತಿದ್ದ, ಈಗ ಬಣ್ಣ ಹಚ್ಚತಾನ.

ಅಕ್ಕಾರಿಗೂ ವಯಸ್ಸಾಗೇತಿ. ಮೊಣಕಾಲು ಹಿಡೀತಾವು. ದನಿ ಮಾತ್ರ ಹಂಗ ಐತಿ. ಎಲಿ, ಅಡಿಕಿ, ತಂಬಾಕ ಇಲ್ಲದಿದ್ರ ಅವ್ರಿಗೆ ಒಂದು ಮಾತೂ ನೆಪ್ಪಾಗಂಗಿಲ್ಲ, ಅದಷ್ಟ ಚಟಾ.

ಈಗ ನಿಮಗ ಹೇಳಾಕ ಅಡ್ಡಿಲ್ಲ. ಗಂಟಿನಾಗ ಇದ್ದದ್ದು ಒಂದು ಚಾವಿ. ಮಂದಿ ಬಂಗಾರ ಅಂತ ತಿಳದಿರ್ತಾರ, ಆಕಿ ಬಿಚ್ಚಿ ಮನಿ ಚಾವಿ ತಗದು, ನಿಮ್ಮಣ್ಣ ಈ ಮನಿ ಎಂದೋ ನಿಮ್ಮ ಹೆಸರಿಗೆ ಬರದಾನ, ನಾ ಬರೇ ಕಾವಲ ಇದ್ದೆ ಅಂತಾಳ. ಮೈದುನರು ಕಾಲಿಗೆ ಬೀಳ್ತಾರ. ಬರದಾಗ ನಾನೇ ಅತ್ತಿದ್ದೆ. ಆಟದ ದಿವಸ ನನ್ನ ಕೈಯಾರೆ ಸೆರಗಿನ ಬಲಗಡೆ ಚುಂಗಿಗೆ, ಅಂದ್ರ ಮೂಲಿಗೆ, ಚಾವಿ ಕಟ್ಟಿ, ಬಲಗಡೆ ಅಕ್ಕಾರ, ಬಲಗಡೆ ಅಂತ ಮೂರು ಸಲ ಹೇಳಿದೆ. ಅವ್ರು ಬಾಯಿತುಂಬ ಎಲಿ ಇದ್ದದ್ದಕ್ಕ ಹೂಂ ಅಂದ್ರು.

ಐದನೇ ಅಂಕ. ಬಾಗಲಿಗೆ ಕೀಲಿ ಬಿತ್ತು. ಮೊದಲನೇ ಸಾಲಿನಾಗ ನನ್ನ ಹೆಂಡ್ತಿ. ಸೆಕ್ರೆಟರಿ ಗುಡಗಿದ. ಅಕ್ಕಾರು ನಡುವ ಬಂದು, "ಕೇಳು ಮೈದುನ, ಗಂಟು ಬಿಚ್ಚೂ ದಿವಸ ಇವತ್ತ ಬಂತು" ಅಂದ್ರು. ಒಂದು ಕೂಸು ಸೈತ ಕೆಮ್ಮಲಿಲ್ಲ. ನಾ ಪರದೆ ಹಿಂದ ದೇವರನ್ನ ನೆನಸಾಕ ಹತ್ತಿದೆ. ಅಕ್ಕಾರು ಸೆರಗು ಮುಂದ ತಂದ್ರು. ಎಡಗಡೆ ಚುಂಗು ಬಿಚ್ಚಿದ್ರು.

ಅರ್ಧಾ ಎಲಿ. ಎರಡು ಅಡಿಕಿ ಹೋಳು. ಒಂದು ಚಿಮಟಿಗಿ ತಂಬಾಕ. ಸುಣ್ಣದ ಡಬ್ಬಿ.

ಅಂಕ ಅಂಕದ ನಡು ತಿನ್ನಾಕ ಅಂತ ತಾವೇ ಕಟಗೊಂಡದ್ದು. ಬಲಗಡೆ, ಬಲಗಡೆ ಅಂತ ನಾ ಹಿಂದಿನಿಂದ ಕೈ ಮಾಡಿದೆ. ಅವ್ರು ಈ ಕಡೆ ನೋಡಲಿಲ್ಲ. ಅಕ್ಕಾರು ಅಂಗೈ ನೋಡಿಕೊಂಡ್ರು. ಅವರ ಮಾರಿ ಮ್ಯಾಲೆ ಒಂದು ನರಾ ಅಲಗಾಡಲಿಲ್ಲ. ಎಲಿಗೆ ಸುಣ್ಣ ಹಚ್ಚಿ, ಅಡಿಕಿ ಇಟ್ಟು, ತಂಬಾಕ ಎಲ್ಲಾ ಸುರುವಿ, ಸಾವಕಾಶ ಮಡಚಿಕೋತ ಹೇಳಿದ್ರು:

"ನಿಮ್ಮಣ್ಣ ಸಾಯೂ ಮುಂದ ಇದನ್ನ ಕೊಟ್ಟು ಹೇಳ್ಯಾನ. ನನ್ನ ತಮ್ಮಂದಿರು ಆಸ್ತಿ ಆಸ್ತಿ ಅಂತ ಬಾಯಿ ಮಾಡಿದ ದಿವಸ ಇದನ್ನ ಅವರ ಬಾಯಾಗ ತುರುಕು."

ತುರುಕಿದ್ರು. ಸೆಕ್ರೆಟರಿ ಜನ್ಮದಾಗ ತಂಬಾಕ ಮುಟ್ಟಿದಾಂವ ಅಲ್ಲ. ಆದ್ರ ಗಂಟಿನಾಗ ಏನೈತಿ ಅಂತ ನಾ ಅವಂಗ ಹೇಳಿದ್ದಿಲ್ಲಲ್ಲ. ಇದ ಮಾಸ್ತರ್ರು ಬರದದ್ದು ಅಂತ ತಿಳದು, ನಿಷ್ಠಿಯಿಂದ ಅಗದ. ಅಗದು ನುಂಗಿದ. ಬಿಕ್ಕಿದ. ಕಣ್ಣು ತಿರಗಿದ್ವು. ಸ್ಟೇಜಿನ ಮ್ಯಾಲೆ ಎರಡು ಸುತ್ತು ತಿರಗಿ, ಅತ್ತಿಗಿ ಪಾದದ ಮ್ಯಾಲೆ ಅಡ್ಡ ಬಿದ್ದ. ನಾಟಕದಾಗ ಅಂವ ಬೀಳಬೇಕಾಗಿದ್ದ ಜಾಗಾ ಬರೋಬ್ಬರಿ ಅದ. ನಡಕಿನ ಮೈದುನಗ ಜೀವಭಯ ಹತ್ತಿ, ನನಗ ಆಸ್ತಿ ಬ್ಯಾಡ ಅತ್ತಿಗಿ, ಖರೇನ ಬ್ಯಾಡ ಅಂತ ಕೈ ಮುಗದು ಗೋಡೆ ತನಕಾ ಹಿಂದ ಸರದ. ಅಷ್ಟ ಖರೇ ಅಭಿನಯ ನಾ ಯಾರ ಕಡಿಂದನೂ ತಗಸಿದ್ದಿಲ್ಲ.

ಮಂದಿ ಎದ್ದು ನಿಂತ್ರು. ಸೀಟಿ ಏನು, ರುಮಾಲ ತೂರೂದೇನು. ಚಪ್ಪಾಳಿ ನಿಲ್ಲಲೇ ಇಲ್ಲ. ನಿಲ್ಲಸಿ ಹೋಗೂದರೆ ಎಲ್ಲೆ? ಬಾಗಲಿಗೆ ಕೀಲಿ, ಚಾವಿ ಮೂರ್ಛೆ ಹೋದಾವನ ಕೊಳ್ಳಾಗ.

ಇನ್ನೊಂದು ಗಂಟು

ಸೆಕ್ರೆಟರಿ ಮಜ್ಜಿಗಿ ಕುಡದು ಎದ್ದು ಕುಂತ. ಎದ್ದವನೇ ನನ್ನ ಕೈ ಹಿಡದು, ಇಂಥಾ ಸೀನು ಬರಿಯಾಕ ಹೆಂಗ ಹೊಳೀತ್ರಿ ಮಾಸ್ತರ್ರ ಅಂದ. ಹಂಗ ಬಂತು ಬಿಡೋ ಅಂದೆ. ಮತ್ತೇನ ಹೇಳ್ಲಿ? ಊರಿನವ್ರು ಅಕ್ಕಾರಿಗೆ ಉಟ್ಟ ಸೀರೀನ ಆಹೇರಿ ಅಂತ ಕೊಟ್ರು. ಅವ್ರು ಹಂಗ ತಮ್ಮೂರಿನ ಬಸ್ ಹತ್ತಿದ್ರು. ಬಲಗಡೆ ಚುಂಗು ಬಿಚ್ಚೇ ಇಲ್ಲ. ಎರಡು ದಿವಸಕ್ಕ ಖಾನಾಪುರದ ಅಜ್ಜಿ ಕಡಿಂದ ಸುದ್ದಿ ಬಂತು: ಅಂಥಾದ್ದ ಇರ್ತೈತಿ ಅಂತ ನಾ ಹೇಳಿದ್ದಿಲ್ಲೇನು? ಈಗ ಹೇಳು, ಸಾಹಿತ್ಯ ಯಾರಿಗೆ ತಿಳ್ಯಾಂಗಿಲ್ಲ?

ಆಟದ ದಿವಸ ಸಂಜಿಗೆ ಬೆಳಗಾವಿಗೆ ಬರೂ ಬಸ್ಸಿನಾಗ ನಾ ಮಾರಿ ಸಣ್ಣದು ಮಾಡಿ ಕುಂತಿದ್ದೆ. ಬಾಜು ಹೆಂಡ್ತಿ ಸೆರಗು ಬಾಯಿಗೆ ಒತಗೊಂಡು ನಗಾಕ ಹತ್ತಿದ್ಳು. ಮನಿಗೆ ಬಂದು ಚಹಾಕ್ಕ ಇಟ್ಟರೂ ನಗಿ ನಿಂದರಲಿಲ್ಲ. ನನಗ ಖರೇನ ಸಂಕಟ ಆತು. ಊರಿಗೆಲ್ಲಾ ಸುಳ್ಳ ಗಂಟು ಕಂಡ್ರ ಕಾಣಲಿ, ಇಷ್ಟು ವರ್ಷ ಬೆನ್ನ ಹಿಂದ ಬಂದಾಕಿಗೆ ಖರೇದ್ದು ಹೇಳಬೇಕು ಅನಿಸ್ತು. ಅಡಗಿ ಮನಿ ಬಾಗಲದಾಗ ನಿಂತು, ಕೇಳು, ಆ ಗಂಟಿನಾಗ ಖರೇ ಏನಿತ್ತು ಅಂದ್ರ ಅಂತ ಶುರು ಮಾಡಿದೆ.

"ಚಾವಿ" ಅಂದ್ಳು.

ನಾ ಬಾಗಲಾ ಬಿಟ್ಟು ಒಳಗ ಬಂದೆ. ಹೆಂಗ ಗೊತ್ತು ಅಂದೆ.

"ನನ್ನ ತವರಮನಿ ಟ್ರಂಕಿನ ಚಾವಿರೀ ಅದು. ಮೊದಲನೇ ಆಟದ ದಿವಸ ದೇವರ ಬಾಜೂಕಿನ ಮೊಳೀಗೆ ಕಾಣಲಿಲ್ಲ. ನಿಮ್ಮ ನಾಟಕದ ಪೆಟಗ್ಯಾಗ ಇತ್ತು."

ನೆಪ್ಪಾತು. ಯಾವದೋ ಹಳೇ ಚಾವಿ, ಯಾರಿಗೂ ಬ್ಯಾಡಾದ್ದು ಅಂತ ನಾನೇ ತೊಗೊಂಡು ಹೋಗಿದ್ದೆ. ಹಂಗಾರ ಮೂರನೇ ದಿವಸ ನನ್ನ ಯಾಕ ಕೇಳಿದಿ, ಆಮ್ಯಾಲೆ ಯಾಕ ಸುಮ್ಮನಿದ್ದಿ ಅಂದೆ.

ಚಹಾ ಸೋಸಿಕೋತ ಹೇಳಿದ್ಳು. ನೀವಾಗಿ ಹೇಳ್ತೀರೇನು ಅಂತ ಕೇಳಿದೆ, ಹೇಳಲಿಲ್ಲ. ಆಮ್ಯಾಲೆ ಬಸ್ ಸ್ಟ್ಯಾಂಡಿನಾಗ ಮಂದಿ ಸುತ್ತುಗಟ್ಟಿ ಕೇಳೂದು, ನೀವು ಮೀಸಿ ಮ್ಯಾಲೆ ಕೈ ಆಡಿಸಿ ಬಂದು ನೋಡ್ರಿ ಅನ್ನೂದು ಕಂಡೆ. ಅಷ್ಟ ಖುಷಿಲೆ ನಿಮ್ಮನ್ನ ನಾ ನೋಡಿದ್ದಿಲ್ಲ. ಅದನ್ನ ಯಾಕ ಕೆಡಸ್ಲಿ? ಗಂಟು ಬಿಚ್ಚಿದಾಗ ನಿಮ್ಮ ಮಾರಿ ಹೆಂಗ ಆಗತೈತಿ ನೋಡಬೇಕಂತ ಎಲ್ಲಾ ಆಟಕ್ಕೂ ಬಂದೆ. ಇವತ್ತ ಪರದೆ ಸಂದ್ಯಾಗ ನೋಡಿದೆ. ಅಂದು ಮತ್ತ ನಗಾಕ ಹತ್ತಿದ್ಳು.

ಒಬ್ಬಾಕಿ ಪ್ರೇಕ್ಷಕಳು ನನಗ ಮೊದಲನೇ ದಿವಸದಿಂದ ಇದ್ಳು, ನಾ ಆಕಿಗೆ ಹೆಂಡ್ತಿ ಅಂದು ಎಬ್ಬಿಸಿ ಕಳಿಸಿದ್ದೆ. ಅಷ್ಟರಾಗ ಇನ್ನೊಂದು ಹೊಳೀತು. ಚಾವಿ ಅಕ್ಕಾರ ಸೀರಿ ಚುಂಗಿನಾಗ ಬಸ್ ಹತ್ತಿ ಹೋಗೇತಿ. ಇನ್ನ ನಿನ್ನ ಟ್ರಂಕು ತಗಿಯೂದು ಹೆಂಗ ಅಂದೆ.

"ಪ್ರತಿ ಕೀಲಿಗೂ ಚಾವಿ ಎರಡು ಇರ್ತಾವರಿ" ಅಂದು ತನ್ನ ಸೆರಗಿನ ತುದಿ ತೋರಿಸಿದ್ಳು. ಅಲ್ಲೊಂದು ಗಂಟು. ಹದಿನಾರು ವರ್ಷ ನನ್ನ ಕಣ್ಣ ಮುಂದ ಅಡ್ಡಾಡೇತಿ, ನಾ ನೋಡೇ ಇಲ್ಲ.

ಅಟ್ಟದ ಮ್ಯಾಲೆ ಆ ಟ್ರಂಕು ಮದಿವಿ ಆದಾಗಿಂದ ಐತಿ. ಹಳೇ ಕೌದಿ ಇದ್ದಾವು ಅಂತ ತಿಳದಿದ್ದೆ. ಕೌದಿಗೆ ಯಾರರೆ ಕೀಲಿ ಹಾಕ್ತಾರೇನು? ಆಗಾಗ ಆಕಿ ಒಬ್ಬಾಕಿನ ಹತ್ತಿ, ಏನೋ ನೋಡಿ, ನಗಕೋತ ಇಳದು ಬರೂದು ಈಗ ನೆಪ್ಪಾತು. ತಡಕೊಳ್ಳಾಕ ಆಗಲಿಲ್ಲ.

"ಅದರಾಗ ಏನೈತಿ?" ಅಂತ ಕೇಳಿದೆ.

ಆಕಿ ಚಹಾದ ಕಪ್ಪು ನನ್ನ ಕೈಯಾಗ ಕೊಟ್ಟು, ಸೆರಗು ಸಿಗಿಸಿಕೊಂಡು, ಇಲ್ಲದ ಮೀಸಿ ಮ್ಯಾಲೆ ಕೈ ಆಡಿಸಿದ್ಳು.

"ಕೊನೇ ಅಂಕಕ್ಕ ಬಂದು ನೋಡ್ರಿ."